ಒಂದು ಗೇಮ್ ಕೊಂಡರೆ ಮನೆಯ ಎಲ್ಲ ಕಂಪ್ಯೂಟರ್‌ಗಳಲ್ಲೂ ಆಡಬಹುದೇ?

"ಗೇಮ್‌ಗೆ ಒಂದು ಸಲ ದುಡ್ಡು ಕೊಟ್ಟರೆ ಮುಗೀತು, ಮನೆಯಲ್ಲಿ ಎಷ್ಟು ಕಂಪ್ಯೂಟರ್ ಇದ್ದರೂ ಎಲ್ಲದರಲ್ಲೂ ಆಡಬಹುದು" ಎನ್ನುವವರಿದ್ದಾರೆ. "ಎರಡನೇ ಕಂಪ್ಯೂಟರ್‌ಗೆ ಹಾಕಿದರೆ ಪೊಲೀಸ್ ಕೇಸ್ ಆಗುತ್ತೆ" ಎಂದು ಹೆದರಿಸುವವರೂ ಇದ್ದಾರೆ. ಇಂಥ ಮಾತುಗಳು ವಾಟ್ಸಾಪ್ ಗುಂಪುಗಳಲ್ಲಿ ಸುಲಭವಾಗಿ ಹರಿದಾಡುತ್ತವೆ. ಆದರೆ ಎರಡೂ ಪೂರ್ತಿ ನಿಜವಲ್ಲ. ಹಾಗಾದರೆ ನಿಜ ಏನು? ಬನ್ನಿ, ನೋಡೋಣ.

ಮೊದಲು ಒಂದು ಮನೆಯ ಕಥೆ

ಕಾಗವಾಡ ತಾಲ್ಲೂಕಿನ ಮಂಗಸೂಳಿಯಲ್ಲಿ ಒಂದು ಮನೆ ಇದೆ ಎಂದುಕೊಳ್ಳಿ. ಅಣ್ಣ ಗಡಿಯಾಚೆ ಮೀರಜ್‌ನಲ್ಲಿ ಓದುತ್ತಾನೆ, ಶನಿವಾರ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಬರುತ್ತಾನೆ. ಹತ್ತನೇ ತರಗತಿಯ ತಮ್ಮನಿಗೆ ಮನೆಯಲ್ಲೇ ಒಂದು ಹಳೆಯ ಕಂಪ್ಯೂಟರ್ ಇದೆ. ಅಣ್ಣ ಕೂಡಿಟ್ಟ ದುಡ್ಡಿನಲ್ಲಿ ಸ್ಟೀಮ್‌ನಲ್ಲಿ ಎರಡು ಗೇಮ್ ಕೊಂಡ. ತಮ್ಮ ಕೇಳಿದ ಅಂತ ತನ್ನ ಪಾಸ್‌ವರ್ಡ್ ಅನ್ನೂ ಕೊಟ್ಟ.

ಭಾನುವಾರ ಇಬ್ಬರೂ ಆಡಲು ಕುಳಿತರು. ಅಣ್ಣ ಗೇಮ್ ತೆರೆದ. ತಮ್ಮ ತನ್ನ ಕಂಪ್ಯೂಟರ್‌ನಲ್ಲಿ ತೆರೆಯಲು ಹೋದರೆ, ಈ ಖಾತೆಯಲ್ಲಿ ಬೇರೆ ಕಡೆ ಆಟ ನಡೆಯುತ್ತಿದೆ ಎಂಬ ಸೂಚನೆ ಬಂತು. ಹಾಗೂ ಮುಂದುವರಿಸಿದ. ಈಗ ಅಣ್ಣನ ಆಟ ನಡುವೆಯೇ ಬಂದ್!

"ಲೇ ತಮ್ಮಾ, ನೀ ಏನ್ ಮಾಡ್ದಿ?"

"ನಾ ಏನೂ ಮಾಡಿಲ್ಲಣ್ಣಾ. ರೊಕ್ಕ ಕೊಟ್ಟ ತಗೊಂಡಿದ್ದಲ್ಲೇನು, ಮತ್ಯಾಕ ಆಡಾಕ ಬಿಡವಲ್ದು?"

ತಮ್ಮನ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಇರುವುದು 'ತಗೊಂಡಿದ್ದು' ಎಂಬ ಮಾತಿನಲ್ಲಿ.

ನಾವು ಕೊಳ್ಳುವುದು ಗೇಮ್ ಅಲ್ಲ, ಆಡುವ ಪರವಾನಗಿ

ಸ್ಟೀಮ್ ಎಂದರೆ ಅಮೆರಿಕದ ವಾಲ್ವ್ ಕಂಪನಿ 2003ರಲ್ಲಿ ಶುರು ಮಾಡಿದ, ಇವತ್ತು ಕಂಪ್ಯೂಟರ್ ಗೇಮ್‌ಗಳನ್ನು ಮಾರುವ ಆನ್‌ಲೈನ್ ಅಂಗಡಿ. ಅಲ್ಲಿ ಹಣ ಕಟ್ಟಿದಾಗ ಗೇಮ್ ನಮ್ಮ ಸ್ವತ್ತಾಗುವುದಿಲ್ಲ. ಅದನ್ನು ಆಡುವ ಲೈಸೆನ್ಸ್, ಅಂದರೆ ಪರವಾನಗಿ, ನಮ್ಮ ಖಾತೆಗೆ ಸೇರುತ್ತದೆ. ಇದು ಷರತ್ತುಗಳ ಉದ್ದನೆಯ ಪಟ್ಟಿಯಲ್ಲಿ ಮೊದಲಿಂದಲೂ ಇತ್ತು, ಓದುವವರು ಕಡಿಮೆ. 2024ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ ಒಂದು ಕಾನೂನು ಮಾಡಿತು: ಡಿಜಿಟಲ್ ಸರಕು ಮಾರುವವರು, ಕೊಡುತ್ತಿರುವುದು ಬರೀ ಪರವಾನಗಿಯಾದರೆ ಅದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು. ಅದು ಜಾರಿಗೆ ಬಂದದ್ದು 2025ರ ಜನವರಿ 1ರಿಂದ. ಅದಕ್ಕೂ ಮೊದಲೇ, 2024ರ ಅಕ್ಟೋಬರ್‌ನಲ್ಲಿ, ಹಣ ಕಟ್ಟುವ ಪುಟದಲ್ಲೇ ಸ್ಟೀಮ್ ಈ ಮಾತನ್ನು ತೋರಿಸಲು ಶುರು ಮಾಡಿತು.

ಇದನ್ನು ಬಸ್ ಪಾಸ್‌ಗೆ ಹೋಲಿಸಿ ನೋಡಿ. ಮಂಗಸೂಳಿಯಿಂದ ಅಥಣಿಗೆ ಓದಲು ಹೋಗುವ ಹುಡುಗನ ಬಳಿ ವಿದ್ಯಾರ್ಥಿ ಪಾಸ್ ಇರುತ್ತದೆ. ಆ ದಾರಿಯಲ್ಲಿ ಬೆಳಗಿನ ಬಸ್ಸಾದರೂ ಸರಿ, ಹತ್ತು ಗಂಟೆಯ ಬಸ್ಸಾದರೂ ಸರಿ, ಹತ್ತಬಹುದು. ಹಾಗಂತ ಬಸ್ಸು ಅವನದಾಗುವುದಿಲ್ಲ. ಒಂದೇ ಪಾಸ್ ತೋರಿಸಿ ಅಣ್ಣ ಒಂದು ಬಸ್ಸಿನಲ್ಲಿ, ತಮ್ಮ ಇನ್ನೊಂದು ಬಸ್ಸಿನಲ್ಲಿ ಕೂರಲೂ ಆಗುವುದಿಲ್ಲ.

ಗೇಮ್ ಲೈಸೆನ್ಸ್ ಕೂಡ ಹಾಗೆಯೇ. ಬಸ್ಸಿನ ಜಾಗದಲ್ಲಿ ಕಂಪ್ಯೂಟರ್ ಇದೆ ಎಂದುಕೊಳ್ಳಿ. ನಿಮ್ಮ ಖಾತೆಯ ಗೇಮ್ ಅನ್ನು ಮನೆಯ ಎರಡು ಮೂರು ಕಂಪ್ಯೂಟರ್‌ಗಳಲ್ಲಿ ಇನ್‌ಸ್ಟಾಲ್ ಮಾಡಿಡಲು ಸ್ಟೀಮ್‌ನ ಅಡ್ಡಿಯಿಲ್ಲ. ಹಗಲು ಲ್ಯಾಪ್‌ಟಾಪ್‌ನಲ್ಲಿ, ರಾತ್ರಿ ಡೆಸ್ಕ್‌ಟಾಪ್‌ನಲ್ಲಿ ನೀವು ಆಡಬಹುದು. ಆದರೆ ಒಂದು ಖಾತೆಯಿಂದ ಒಂದು ಹೊತ್ತಿಗೆ ಒಂದೇ ಕಡೆ ಆಟ. ಗೇಮ್ ಎಷ್ಟು ಕಂಪ್ಯೂಟರ್‌ಗಳಲ್ಲಿ ಇದೆ ಎಂಬುದು ಮುಖ್ಯವಲ್ಲ, ಒಂದೇ ಹೊತ್ತಿಗೆ ಎಷ್ಟು ಜನ ಆಡುತ್ತಿದ್ದಾರೆ ಎಂಬುದೇ ಮುಖ್ಯ.

ಕಂಪನಿಗೆ ಹೇಗೆ ಗೊತ್ತಾಗುತ್ತದೆ?

ಇದರಲ್ಲಿ ಮಾಯಮಂತ್ರವೇನೂ ಇಲ್ಲ. ಗೇಮ್ ತೆರೆದಾಗ ನಿಮ್ಮ ಕಂಪ್ಯೂಟರ್‌ನಲ್ಲಿರುವ ಸ್ಟೀಮ್ ತಂತ್ರಾಂಶ ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರ್‌ಗೆ, ಇಂಥ ಖಾತೆಯಲ್ಲಿ ಇಂಥ ಗೇಮ್ ಶುರುವಾಗಿದೆ ಎಂದು ತಿಳಿಸುತ್ತದೆ. ಅದೇ ಖಾತೆಯಿಂದ ಇನ್ನೊಂದು ಕಂಪ್ಯೂಟರ್ ಆಟ ಶುರು ಮಾಡಿದರೆ ಸರ್ವರ್‌ಗೆ ತಕ್ಷಣ ತಿಳಿಯುತ್ತದೆ. ಸಿಡಿಯಲ್ಲಿ ಗೇಮ್ ಬರುತ್ತಿದ್ದ ಕಾಲದಲ್ಲೂ ಲೈಸೆನ್ಸ್ ಇತ್ತು. ಆಗ ಸಿಡಿ ಡ್ರೈವ್‌ನಲ್ಲೇ ಇರಬೇಕು ಎಂಬುದೋ, ಡಬ್ಬಿಯ ಮೇಲಿನ ಸಂಖ್ಯೆ ಹಾಕಬೇಕು ಎಂಬುದೋ ಕಾವಲಾಗಿತ್ತು. ಈಗ ಆ ಕಾವಲು ಸರ್ವರ್‌ಗೆ ಹೋಗಿದೆ.

ಹಾಗಾದರೆ ಮನೆಯಲ್ಲಿ ಹಂಚಿಕೊಂಡು ಆಡುವ ದಾರಿ ಇಲ್ಲವೇ?

ಇದೆ. ಪಾಸ್‌ವರ್ಡ್ ಕೊಡದೆಯೇ ಹಂಚಿಕೊಳ್ಳಬಹುದು. ಸ್ಟೀಮ್ 2013ರಲ್ಲೇ ಕುಟುಂಬದವರೊಂದಿಗೆ ಗೇಮ್ ಹಂಚುವ ಸೌಲಭ್ಯ ತಂದಿತ್ತು. ಅದರಲ್ಲೊಂದು ತೊಡಕಿತ್ತು. ಅಣ್ಣ ತನ್ನ ಯಾವುದೇ ಒಂದು ಗೇಮ್ ಆಡುತ್ತಿದ್ದರೂ ಅವನ ಉಳಿದ ಗೇಮ್‌ಗಳೆಲ್ಲ ತಮ್ಮನಿಗೆ ಬೀಗ. 2024ರ ಸೆಪ್ಟೆಂಬರ್‌ನಲ್ಲಿ ಎಲ್ಲರಿಗೂ ಬಂದ 'ಸ್ಟೀಮ್ ಫ್ಯಾಮಿಲೀಸ್' ಇದನ್ನು ಬದಲಿಸಿತು.

ಇದರಲ್ಲಿ ಗರಿಷ್ಠ 6 ಜನ ಒಂದು ಕುಟುಂಬವಾಗಿ ಸೇರಬಹುದು. ಪ್ರತಿಯೊಬ್ಬರಿಗೂ ಸ್ವಂತ ಖಾತೆ ಇರುತ್ತದೆ, ಆಟದಲ್ಲಿ ಎಲ್ಲಿಯವರೆಗೆ ಬಂದೆ ಎಂಬ ದಾಖಲೆಯೂ ಅವರವರದೇ. ಅಣ್ಣ ಒಂದು ಗೇಮ್ ಆಡುವಾಗಲೇ ತಮ್ಮ ಅಣ್ಣನ ಇನ್ನೊಂದು ಗೇಮ್ ಆಡಬಹುದು. ಇಬ್ಬರಿಗೂ ಒಂದೇ ಗೇಮ್ ಒಂದೇ ಹೊತ್ತಿಗೆ ಬೇಕೆಂದರೆ ಮಾತ್ರ ಕುಟುಂಬದಲ್ಲಿ ಆ ಗೇಮ್‌ನ ಎರಡು ಪ್ರತಿ ಇರಬೇಕು. ನಮ್ಮ ಮಂಗಸೂಳಿ ಮನೆಯ ಜಗಳಕ್ಕೆ ಇದೇ ಪರಿಹಾರ.

ಆದರೆ ಸೇರುವ ಮೊದಲು ನಾಲ್ಕು ವಿಷಯ ತಿಳಿದಿರಲಿ.

ಒಂದು, ಇದು ಒಂದೇ ಮನೆಯ ಹತ್ತಿರದ ಬಂಧುಗಳಿಗೆ ಎಂದು ಮಾಡಿರುವ ಸೌಲಭ್ಯ, ಗೆಳೆಯರ ಗುಂಪಿಗಲ್ಲ. ಎಲ್ಲರ ಖಾತೆಯೂ ಒಂದೇ ದೇಶದ್ದಾಗಿರಬೇಕು. ಅಣ್ಣ ಇರುವುದು ಮಹಾರಾಷ್ಟ್ರದಲ್ಲಿ, ತಮ್ಮ ಕರ್ನಾಟಕದಲ್ಲಿ ಎಂಬುದು ತೊಂದರೆಯಲ್ಲ. ದುಬೈನಲ್ಲಿರುವ ಕಾಕಾನ ಖಾತೆ ಸೇರಿಸಲು ಹೋದರೆ ತೊಂದರೆ.

ಎರಡು, ಸೇರಿದ ಮೇಲೆ ಬಿಟ್ಟು ಬೇರೆ ಕುಟುಂಬ ಸೇರಬೇಕೆಂದರೆ, ಸೇರಿದ ದಿನದಿಂದ ಒಂದು ವರ್ಷ ಕಳೆಯಬೇಕು. ಬಿಟ್ಟವರ ಜಾಗಕ್ಕೆ ಬೇರೊಬ್ಬರನ್ನು ತಕ್ಷಣ ಸೇರಿಸಲೂ ಆಗದು.

ಮೂರು, ಎಲ್ಲ ಗೇಮ್‌ಗಳೂ ಹಂಚಿಕೆಯಾಗುವುದಿಲ್ಲ. ಬೇರೆ ಕಂಪನಿಯ ಖಾತೆಯೋ ಚಂದಾದಾರಿಕೆಯೋ ಬೇಕಾಗುವ ಗೇಮ್‌ಗಳು, ತಯಾರಕರು ಒಪ್ಪದ ಗೇಮ್‌ಗಳು ಹೊರಗೆ. ಕೊಳ್ಳುವ ಮೊದಲು ಆ ಗೇಮ್‌ನ ಪುಟದಲ್ಲಿ ಕುಟುಂಬ ಹಂಚಿಕೆ ಇದೆಯೇ ಎಂದು ನೋಡಿ.

ನಾಲ್ಕು, ಇದು ಎಲ್ಲಕ್ಕಿಂತ ಮುಖ್ಯ: ತಮ್ಮ ಅಣ್ಣನ ಪ್ರತಿಯಲ್ಲಿ ಆಡುತ್ತಾ ಮೋಸದ ತಂತ್ರಾಂಶ ಬಳಸಿ ಸಿಕ್ಕಿಬಿದ್ದರೆ, ಆ ಗೇಮ್‌ನಲ್ಲಿ ಅಣ್ಣನಿಗೂ ನಿಷೇಧ ಬೀಳಬಹುದು. "ನಾನಲ್ಲ, ನನ್ನ ತಮ್ಮ" ಎಂಬ ಮಾತು ನಡೆಯುವುದಿಲ್ಲ. ಕೊಟ್ಟ ದುಡ್ಡೂ ಹೋಯಿತು, ಆಟವೂ ಹೋಯಿತು.

ಸ್ಟೀಮ್ ಖಾತೆಗೆ 13 ವರ್ಷ ತುಂಬಿರಬೇಕು ಎಂಬ ನಿಯಮವೂ ಇದೆ. ಚಿಕ್ಕ ಮಕ್ಕಳಿರುವ ಮನೆಯವರು ಇದನ್ನು ಮರೆಯಬಾರದು.

ಬೇರೆ ಕಡೆ ಹೇಗೆ?

ಎಲ್ಲ ಅಂಗಡಿಯ ನಿಯಮವೂ ಒಂದೇ ಅಲ್ಲ. ಮೈನ್‌ಕ್ರಾಫ್ಟ್‌ನ ಲೈಸೆನ್ಸ್ ಮೈಕ್ರೋಸಾಫ್ಟ್ ಖಾತೆಗೆ ಅಂಟಿರುತ್ತದೆ. ಮನೆಯಲ್ಲಿ ಇಬ್ಬರು ಎರಡು ಕಂಪ್ಯೂಟರ್‌ಗಳಿಂದ ಒಂದೇ ಲೋಕಕ್ಕೆ ಇಳಿದು ಜೊತೆಯಾಗಿ ಆಡಬೇಕೆಂದರೆ ಇಬ್ಬರ ಖಾತೆಯಲ್ಲೂ ಗೇಮ್ ಇರಬೇಕು. ಗಾಗ್ ಎಂಬ ಅಂಗಡಿಯದು ಇನ್ನೊಂದು ರೀತಿ. ಅಲ್ಲಿನ ಗೇಮ್‌ಗಳಿಗೆ ಡಿಜಿಟಲ್ ಬೀಗವಿಲ್ಲ, ಇನ್‌ಸ್ಟಾಲ್ ಮಾಡುವ ಫೈಲನ್ನು ಇಳಿಸಿ ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳಬಹುದು. ಬೀಗವಿಲ್ಲ ಎಂದರೆ ಊರಿಗೆಲ್ಲ ಹಂಚಬಹುದು ಎಂದಲ್ಲ, ಪರವಾನಗಿ ಅಲ್ಲೂ ಕೊಂಡವರಿಗೆ ಮಾತ್ರ.

ಮೊಬೈಲ್‌ನಲ್ಲಿ ಆಡುವವರಿಗೂ ಈ ಮಾತು ಅನ್ವಯಿಸುತ್ತದೆ. ಗೂಗಲ್ ಪ್ಲೇಯ 'ಫ್ಯಾಮಿಲಿ ಲೈಬ್ರರಿ'ಯಲ್ಲಿ ಹಣ ಕೊಟ್ಟು ಕೊಂಡ ಹಲವು ಆ್ಯಪ್ ಮತ್ತು ಗೇಮ್‌ಗಳನ್ನು ಕುಟುಂಬದವರೊಂದಿಗೆ ಹಂಚಿಕೊಳ್ಳಬಹುದು. ಆದರೆ ಗೇಮ್ ಒಳಗೆ ಕೊಂಡ ನಾಣ್ಯ, ಉಡುಪು, ಆಯುಧ ಹಂಚಿಕೆಯಾಗುವುದಿಲ್ಲ.

ದುಡ್ಡು ಉಳಿಸಬೇಕೆನ್ನುವವರಿಗೆ ಇನ್ನೊಂದು ದಾರಿ. ಒಂದೇ ಪರದೆಯ ಮುಂದೆ ಕುಳಿತು ಇಬ್ಬರು ಆಡುವಂಥ ಗೇಮ್‌ಗಳಿಗೆ ಸ್ಟೀಮ್ 2019ರಿಂದ 'ರಿಮೋಟ್ ಪ್ಲೇ ಟುಗೆದರ್' ಸೌಲಭ್ಯ ಕೊಟ್ಟಿದೆ. ಒಬ್ಬರ ಬಳಿ ಗೇಮ್ ಇದ್ದರೆ ಸಾಕು, ಇನ್ನೊಬ್ಬರು ಬೇರೆ ಊರಿನಿಂದಲೂ ಜೊತೆಯಾಗಬಹುದು. ನೆಟ್ ಮಾತ್ರ ಚೆನ್ನಾಗಿರಬೇಕು.

ಎರಡನೇ ಕಂಪ್ಯೂಟರ್‌ಗೆ ಹಾಕಿದರೆ ಕೇಸ್ ಆಗುತ್ತದೆಯೇ?

ನಿಮ್ಮದೇ ಖಾತೆಯಿಂದ ನಿಮ್ಮದೇ ಇನ್ನೊಂದು ಕಂಪ್ಯೂಟರ್‌ಗೆ ಇಳಿಸಿಕೊಂಡರೆ ಅದು ಕಂಪನಿಯೇ ಕೊಟ್ಟಿರುವ ಅವಕಾಶ. ಹೆದರುವ ಕಾರಣವಿಲ್ಲ. ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ 52ನೇ ಕಲಮು ಕೂಡ ನ್ಯಾಯವಾಗಿ ತಂತ್ರಾಂಶದ ಪ್ರತಿ ಹೊಂದಿರುವವರಿಗೆ, ಅದು ಹಾಳಾದರೆ ಇರಲಿ ಎಂದು ತಾತ್ಕಾಲಿಕ ರಕ್ಷಣೆಗೆ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಲು ಅವಕಾಶ ಕೊಡುತ್ತದೆ.

ಕದ್ದ ಪ್ರತಿಯ ಮಾತು ಬೇರೆ. ಅದೇ ಕಾಯ್ದೆಯ 63ಬಿ ಕಲಮಿನ ಪ್ರಕಾರ, ಗೊತ್ತಿದ್ದೂ ನಕಲಿ ತಂತ್ರಾಂಶ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲದಿದ್ದರೆ ನ್ಯಾಯಾಲಯ ಜೈಲು ಬಿಟ್ಟು, 50 ಸಾವಿರದೊಳಗಿನ ದಂಡವನ್ನಷ್ಟೇ ಹಾಕಬಹುದು.

ಪರವಾನಗಿ ಎಂದರೆ ಏನು ಎಂಬ ಪ್ರಶ್ನೆ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಅದು ಗೇಮ್‌ನ ವಿಷಯವಲ್ಲ, ತೆರಿಗೆಯ ವಿಷಯ. ವಿದೇಶಿ ಕಂಪನಿಗಳಿಂದ ತಂತ್ರಾಂಶ ಕೊಂಡವರು ಕೊಟ್ಟ ಹಣ ಕೃತಿಸ್ವಾಮ್ಯದ ರಾಯಧನವೇ ಎಂಬುದು ಪ್ರಶ್ನೆ. ಹೌದು ಎಂದಿತ್ತು 2011ರಲ್ಲಿ ಕರ್ನಾಟಕ ಹೈಕೋರ್ಟ್. 'ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್' ಪ್ರಕರಣದಲ್ಲಿ 2021ರ ಮಾರ್ಚ್ 2ರಂದು ಸುಪ್ರೀಂ ಕೋರ್ಟ್ ಅಲ್ಲ ಎಂದಿತು. ತಂತ್ರಾಂಶ ಬಳಸುವ ಅನುಮತಿ ಸಿಕ್ಕ ಮಾತ್ರಕ್ಕೆ ಅದರ ಕೃತಿಸ್ವಾಮ್ಯ ಕೈಗೆ ಬರುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಪುಸ್ತಕ ಕೊಂಡವರು ಓದಬಹುದು, ಅದನ್ನು ಅಚ್ಚು ಹಾಕಿಸಿ ಮಾರುವಂತಿಲ್ಲ. ಹಾಗೆಯೇ ಇದು.

ನಿಜವಾದ ಅಪಾಯ ಎಲ್ಲಿದೆ?

"ಸಾವಿರಾರು ರೂಪಾಯಿಯ ಗೇಮ್ ಫ್ರೀ, ಈ ಲಿಂಕ್ ಒತ್ತಿ" ಎಂಬ ಫಾರ್ವರ್ಡ್‌ನಲ್ಲಿದೆ. ಬೀಗ ಮುರಿದ ಗೇಮ್ ಇಳಿಸುವಾಗ ಸಾಮಾನ್ಯವಾಗಿ ಒಂದು ಸೂಚನೆ ಇರುತ್ತದೆ: ಮೊದಲು ಆ್ಯಂಟಿವೈರಸ್ ಆಫ್ ಮಾಡಿ. ಮನೆಗೆ ಬರುವವನು ಮೊದಲು ನಾಯಿ ಕಟ್ಟಿಹಾಕಿ ಎಂದರೆ ನಾವು ಅನುಮಾನ ಪಡುತ್ತೇವೆ, ಅಲ್ಲವೇ? ಇಂಥ ಫೈಲ್‌ಗಳ ಜೊತೆ ಬರುವ ಕಳ್ಳ ತಂತ್ರಾಂಶ, ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನು ಸದ್ದಿಲ್ಲದೆ ಹೊರಗೆ ಕಳಿಸಬಲ್ಲದು. ಕಬ್ಬಿನ ಬಿಲ್ಲು ಜಮೆಯಾಗುವ ಅಪ್ಪನ ಬ್ಯಾಂಕ್ ಖಾತೆಯನ್ನೂ ತೆರೆಯುವುದು ಅದೇ ಕಂಪ್ಯೂಟರ್‌ನಲ್ಲಿ ಎಂಬುದು ನೆನಪಿರಲಿ.

ಇನ್ನೊಂದು ಬಲೆ, ಕಡಿಮೆ ಬೆಲೆಗೆ ಗೇಮ್ ತುಂಬಿದ ಖಾತೆ ಮಾರುತ್ತೇವೆ ಎನ್ನುವವರದು. ಖಾತೆ ಮಾರುವುದಕ್ಕೆ ಸ್ಟೀಮ್‌ನ ಷರತ್ತು ಒಪ್ಪುವುದಿಲ್ಲ. ಮಾರಿದವನು ನಾಳೆ ಪಾಸ್‌ವರ್ಡ್ ಬದಲಿಸಿದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ. ಹಣ ಕಳೆದುಕೊಂಡರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನ್ಯಾಯವಾಗಿ ಕೊಂಡವರಿಗೂ ಒಂದು ನೋವಿದೆ, ಅದನ್ನು ಮುಚ್ಚಿಡಬೇಕಿಲ್ಲ. ಯೂಬಿಸಾಫ್ಟ್ ಕಂಪನಿ 'ದಿ ಕ್ರೂ' ಎಂಬ ಕಾರ್ ರೇಸ್ ಗೇಮ್‌ನ ಸರ್ವರ್‌ಗಳನ್ನು 2024ರ ಮಾರ್ಚ್ 31ರಂದು ನಿಲ್ಲಿಸಿತು. ಹಣ ಕೊಟ್ಟು ಕೊಂಡವರಿಗೂ ಆ ಆಟ ಇಲ್ಲವಾಯಿತು. ಪರವಾನಗಿ ಎಂದರೆ ಇದೂ ಸೇರಿದೆ. ಮಕ್ಕಳಿಗೆ ದುಬಾರಿ ಗೇಮ್ ಕೊಡಿಸುವ ಮೊದಲು, ಸದಾ ಇಂಟರ್‌ನೆಟ್ ಬೇಕೇ, ಒಬ್ಬರೇ ಆಡಲು ಆಗುತ್ತದೆಯೇ ಎಂದು ನೋಡುವುದು ಒಳ್ಳೆಯದು.

ಫಾರ್ವರ್ಡ್ ಮಾಡುವ ಮೊದಲು

"ಒಮ್ಮೆ ಕೊಂಡರೆ ಎಲ್ಲ ಕಂಪ್ಯೂಟರ್‌ಗಳಲ್ಲೂ ಎಲ್ಲರೂ ಒಟ್ಟಿಗೆ ಆಡಬಹುದು": ತಪ್ಪು. ಹಲವು ಕಡೆ ಇನ್‌ಸ್ಟಾಲ್ ಮಾಡಬಹುದು, ಒಂದು ಪ್ರತಿಯನ್ನು ಒಂದು ಹೊತ್ತಿಗೆ ಒಬ್ಬರು ಆಡಬಹುದು.

"ಎರಡನೇ ಕಂಪ್ಯೂಟರ್‌ಗೆ ಹಾಕಿದರೆ ಕೇಸ್": ನಿಮ್ಮದೇ ಖಾತೆಯ ಗೇಮ್ ಆದರೆ ತಪ್ಪು.

"ಮನೆಯವರಿಗೆ ಪಾಸ್‌ವರ್ಡ್ ಕೊಟ್ಟರೆ ಏನೂ ಆಗಲ್ಲ": ತಪ್ಪು. ಪ್ರತಿಯೊಬ್ಬರಿಗೂ ಬೇರೆ ಖಾತೆ ಮಾಡಿ, ಕುಟುಂಬ ಹಂಚಿಕೆ ಬಳಸಿ.

"ಫ್ರೀ ಗೇಮ್ ಲಿಂಕ್, ಆ್ಯಂಟಿವೈರಸ್ ಆಫ್ ಮಾಡಿ": ಮುಟ್ಟಬೇಡಿ, ಮುಂದೆ ಕಳಿಸಬೇಡಿ.

ಮಂಗಸೂಳಿಯ ಆ ಅಣ್ಣತಮ್ಮಂದಿರಿಗೂ ಇದೇ ಸಲಹೆ. ಅಣ್ಣ ಇವತ್ತೇ ಪಾಸ್‌ವರ್ಡ್ ಬದಲಿಸಲಿ. ತಮ್ಮ ಸ್ವಂತ ಖಾತೆ ತೆರೆಯಲಿ, ಅಣ್ಣ ಅವನನ್ನು ಕುಟುಂಬಕ್ಕೆ ಸೇರಿಸಿಕೊಳ್ಳಲಿ. ಮುಂದಿನ ಭಾನುವಾರ ಒಬ್ಬ ಒಂದು ಗೇಮ್, ಇನ್ನೊಬ್ಬ ಇನ್ನೊಂದು. ಒಂದೇ ಗೇಮ್ ಇಬ್ಬರಿಗೂ ಬೇಕೆನಿಸಿದರೆ, ಸರದಿಯಂತೆ ಆಡಲಿ.