ಮಗುವಿನ ಕಸ್ಟಡಿ: ಹೈಕೋರ್ಟಿಗೆ ಹೋಗುವ ಮುನ್ನ

ಮಡಿಕೇರಿ ಕೋರ್ಟಿನಲ್ಲಿ ಮಗುವಿನ ಕಸ್ಟಡಿ ಕೇಸು ಸೋತ ಮೂರ್ನಾಡಿನ ಅಪ್ಪನಾಗಲಿ ಅಮ್ಮನಾಗಲಿ ವಕೀಲರನ್ನು ಮೊದಲು ಕೇಳುವುದು ‘ಹೈಕೋರ್ಟಿಗೆ ಹೋಗಬಹುದಲ್ಲ ಸಾರ್?’ ಎಂದೇ. ಹೋಗಬಹುದು. ಆದರೆ ಬಹಳ ಸಲ ಅವರಿಗೆ ನಿಜವಾಗಿ ಬೇಕಿರುವುದು ಅಪೀಲಲ್ಲ.

ಕೈಯಲ್ಲಿರುವುದು ಎಂಥ ಆದೇಶ ಎಂದು ಮೊದಲು ನೋಡಿ. ಕುಟುಂಬ ನ್ಯಾಯಾಲಯದ ಅಂತಿಮ ತೀರ್ಪಾದರೆ, 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಹೈಕೋರ್ಟಿಗೆ ಮೇಲ್ಮನವಿ; ಇಬ್ಬರು ನ್ಯಾಯಮೂರ್ತಿಗಳ ಪೀಠ ವಿಚಾರಣೆ ನಡೆಸುತ್ತದೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯ ಕೊಟ್ಟ ಕಸ್ಟಡಿ ಆದೇಶಕ್ಕೂ ಹೈಕೋರ್ಟೇ ಗತಿ. ಕೊಡಗಿನವರು ಹೋಗಬೇಕಾದದ್ದು ಬೆಂಗಳೂರಿನ ಪ್ರಧಾನ ಪೀಠಕ್ಕೆ. ಇಬ್ಬರೂ ಒಪ್ಪಿ ಸಹಿ ಹಾಕಿದ ರಾಜಿ ಡಿಕ್ರಿಗೆ ಮಾತ್ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯಡಿ ಅಪೀಲಿಲ್ಲ, ಆದ್ದರಿಂದ ಸಹಿಗೆ ಮುಂಚೆಯೇ ನಾಲ್ಕು ಸಲ ಓದಿಕೊಳ್ಳಿ. ಕೇಸು ನಡೆಯುತ್ತಿರುವಾಗಲೇ ‘ಬೇಸಿಗೆ ರಜೆ ಅಪ್ಪನ ಮನೆಯಲ್ಲಿ’ ಎಂಬಂಥ ಮಧ್ಯಂತರ ಆದೇಶ ಬಂದರೆ ಅದಕ್ಕೂ 19ನೇ ಸೆಕ್ಷನ್‌ನಲ್ಲಿ ಜಾಗವಿಲ್ಲ. ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬೇಕು.

ಜನ ಎಡವುವುದು ದಿನದ ಲೆಕ್ಕದಲ್ಲಿ. ಕುಟುಂಬ ನ್ಯಾಯಾಲಯಗಳ ಕಾಯ್ದೆ ಕೊಡುವುದು 30 ದಿನ. ಹಿಂದೂ ವಿವಾಹ ಕಾಯ್ದೆಯಲ್ಲಿ 2003ರ ತಿದ್ದುಪಡಿಯ ನಂತರ 90 ದಿನವಿದೆ. ಯಾವುದು ಅನ್ವಯ ಎಂಬ ವಾದ ವಕೀಲರಿಗಿರಲಿ, ನೀವು 30 ಎಂದೇ ಎಣಿಸಿ. ತೀರ್ಪು ಬಂದ ದಿನವೇ ಸರ್ಟಿಫೈಡ್ ಕಾಪಿಗೆ ಅರ್ಜಿ ಕೊಡಿ. ಅರ್ಜಿ ಕೊಟ್ಟದ್ದು ಯಾವತ್ತು, ನಕಲು ಸಿದ್ಧವಾದದ್ದು ಯಾವತ್ತು ಎಂದು ನಕಲಿನ ಮೇಲೆಯೇ ಮೊಹರಿನಲ್ಲಿ ಬರೆದಿರುತ್ತದೆ. ಆ ನಡುವಿನ ದಿನಗಳನ್ನು ಕಾಲಮಿತಿಯಿಂದ ಕಳೆಯುತ್ತಾರೆ. ಅರ್ಜಿಯನ್ನೇ ತಡವಾಗಿ ಕೊಟ್ಟರೆ ಆ ತಡ ನಿಮ್ಮ ತಲೆಗೇ. ಅವಧಿ ಮೀರಿದರೆ ತಡಕ್ಕೆ ಕಾರಣ ತೋರಿಸಿ ಕ್ಷಮೆ ಕೋರುವ ಅರ್ಜಿಯೂ ಬೇಕು.

ಇನ್ನೊಂದು: ಅಪೀಲು ಹಾಕಿದ ಮಾತ್ರಕ್ಕೆ ಕೆಳಗಿನ ಆದೇಶ ನಿಲ್ಲುವುದಿಲ್ಲ. ತಡೆಯಾಜ್ಞೆ ಸಿಗುವ ತನಕ ಶನಿವಾರ ಮಗುವನ್ನು ಕಳಿಸಬೇಕೆಂದಿದ್ದರೆ ಕಳಿಸಲೇಬೇಕು. ‘ಹೈಕೋರ್ಟಿನಲ್ಲಿದೆ’ ಎಂದು ಬಾಗಿಲು ಹಾಕಿಕೊಂಡವರ ಕೇಸು ಅಲ್ಲಿಂದಲೇ ಕೆಡಲು ಶುರು.

ಹೈಕೋರ್ಟು ಸಂಗತಿಯನ್ನೂ ಕಾನೂನನ್ನೂ ಎರಡನ್ನೂ ನೋಡಬಲ್ಲದು. ಆದರೂ ಸಾಕ್ಷಿಗಳನ್ನು ಕಣ್ಣಾರೆ ಕಂಡ, ಮಗುವಿನೊಡನೆ ಮಾತಾಡಿದ ಕೆಳಗಿನ ನ್ಯಾಯಾಧೀಶರ ಅಭಿಪ್ರಾಯವನ್ನು ಸುಲಭಕ್ಕೆ ಅಲ್ಲಗಳೆಯುವುದಿಲ್ಲ. ಹೊಸ ಸಾಕ್ಷ್ಯ ತರಲು ಅನುಮತಿ ಬೇಕು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಎನ್ನುತ್ತದೆ 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ. ಬುದ್ಧಿ ತಿಳಿದ ಮಗುವಿನ ಇಷ್ಟವನ್ನೂ ಗಮನಿಸಬಹುದು. ಎಲ್ಲಕ್ಕಿಂತ ಮೇಲಿರುವುದು ಮಗುವಿನ ಹಿತ. ಎಷ್ಟು ಎಕರೆ ಕಾಫಿ ತೋಟವಿದೆ ಎಂಬುದೊಂದರಿಂದಲೇ ಅದು ತೀರ್ಮಾನವಾಗುವುದಿಲ್ಲ.

ಈಗ ಮೊದಲ ಮಾತಿಗೆ ಬರೋಣ. ಕಸ್ಟಡಿ ಆದೇಶ ಕಲ್ಲಿನಲ್ಲಿ ಕೊರೆದದ್ದಲ್ಲ, ಪರಿಸ್ಥಿತಿ ಬದಲಾದರೆ ಬದಲಿಸಬಹುದು ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ರೋಸಿ ಜೇಕಬ್ ಪ್ರಕರಣದಲ್ಲಿ ಹೇಳಿದೆ. ಉದಾಹರಣೆಗೆ, ತೀರ್ಪು ಬಂದಾಗ ಸರಿಯೇ ಇತ್ತು. ಆಮೇಲೆ ತಾಯಿಗೆ ಮೈಸೂರಿಗೆ ವರ್ಗವಾಯಿತು, ಸೈನ್ಯದಲ್ಲಿದ್ದ ತಂದೆ ನಿವೃತ್ತಿಯಾಗಿ ಊರಿಗೆ ಬಂದ, ಮಗು ಹೈಸ್ಕೂಲು ಸೇರಿತು. ಇಂಥದ್ದಕ್ಕೆ ಅಪೀಲು ದಂಡ. ಮಾರ್ಪಾಡು ಕೋರಿ ಅದೇ ಕೋರ್ಟಿಗೆ ಅರ್ಜಿ ಹಾಕುವುದೇ ದಾರಿ. ತೀರ್ಪೇ ತಪ್ಪು ಎನ್ನುವವರಿಗೆ ಅಪೀಲು, ಕಾಲ ಬದಲಾಯಿತು ಎನ್ನುವವರಿಗೆ ಈ ಅರ್ಜಿ.

ಮಕ್ಕಳೊಂದಿಗೆ ಹೊರದೇಶದಿಂದ ಬಂದವರ ಕತೆ ಬೇರೆ. ದೇಶ ದಾಟಿಸಿದ ಮಕ್ಕಳನ್ನು ಹಿಂದಿರುಗಿಸುವ ಕುರಿತ 1980ರ ಹೇಗ್ ಒಡಂಬಡಿಕೆಗೆ ಭಾರತ ಸೇರಿಲ್ಲ. ಆದ್ದರಿಂದ ಇಂಥವು ಹೆಚ್ಚಾಗಿ ಹೇಬಿಯಸ್ ಕಾರ್ಪಸ್ ಅರ್ಜಿಯಾಗಿ ನೇರ ಹೈಕೋರ್ಟಿಗೇ ಬರುತ್ತವೆ. ಅಮೆರಿಕದಿಂದ ಬೆಂಗಳೂರಿಗೆ ಬಂದಿದ್ದ ಮಗುವೊಂದನ್ನು ಹಿಂದಿರುಗಿಸಲು ಕರ್ನಾಟಕ ಹೈಕೋರ್ಟ್ ಆದೇಶಿಸುವಾಗ ಹಾಕಿದ್ದ ಕೋವಿಡ್ ಕಾಲದ ಷರತ್ತುಗಳನ್ನು 2020ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಹೈಕೋರ್ಟಿನ ಮೇಲೆ ಉಳಿಯುವ ಮೆಟ್ಟಿಲು ಅದೊಂದೇ, ಅದೂ ವಿಶೇಷ ಅನುಮತಿ ಸಿಕ್ಕರೆ.

ಖರ್ಚಿನ ಚಿಂತೆಯಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಡಿ ಹೆಂಗಸರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವಿದೆ. ಹೈಕೋರ್ಟಿನ ಅಪೀಲಿಗೆ ಬೆಂಗಳೂರಿನ ಹೈಕೋರ್ಟ್ ಕಾನೂನು ಸೇವಾ ಸಮಿತಿ ವಕೀಲರನ್ನು ಕೊಡುತ್ತದೆ.