ಹಲಸಿನ ಬಾಗಿಲಿಗೆ ಹೊಸ ಮೈ

ಸೀತಾನದಿ ಸೀಮೆಯ ಕೊಕ್ಕರ್ಣೆ ಕಡೆ ಹಳೆ ಹಂಚಿನ ಮನೆ ಇಳಿಸುವಾಗ ಹಲಸಿನ ಕಂಬ, ದಾರಂದ, ಬಾಗಿಲುಗಳನ್ನು ಒಲೆಗೆ ಹಾಕಲು ಯಾರಿಗೂ ಮನಸ್ಸು ಬಾರದು. ಹೊಸ ಮನೆ ಸೇರುವ ಮುಂಚೆ ಅವು ಆಚಾರಿಯ ಕೈಗೆ ಹೋಗುತ್ತವೆ. ಹೊಗೆ, ಎಣ್ಣೆ, ವಾರ್ನಿಶ್ ಕಟ್ಟಿ ಕಪ್ಪಾದ ಹಲಗೆಯ ಮೇಲೆ ಮರ ಉಜ್ಜುವ ಯಂತ್ರ, ಅಂದರೆ ಸ್ಯಾಂಡರ್, ಓಡಾಡಿದರೆ ಒಳಗಿನ ಹಳದಿ ಏಳುತ್ತದೆ. ಬೌದ್ಧ ಭಿಕ್ಷುಗಳ ಕಾವಿಗೆ ಬಣ್ಣ ಸಿಗುತ್ತಿದ್ದುದೂ ಹಲಸಿನ ಚಕ್ಕೆ ಕುದಿಸಿಯೇ.

ಹಿಂದೆ ಉಜ್ಜುಕಾಗದವನ್ನೂ ಕಾಡೇ ಕೊಡುತ್ತಿತ್ತು. ಗರಗತ್ತಿ ಮರದ ಒರಟು ಎಲೆಯಿಂದ ಮರವನ್ನಷ್ಟೇ ಅಲ್ಲ, ದಂತವನ್ನೂ ನುಣುಪು ಮಾಡುತ್ತಿದ್ದರು.

ಕೈಯಲ್ಲಿ ಹಿಡಿದು ಓಡಿಸುವ ಬೆಲ್ಟ್ ಸ್ಯಾಂಡರನ್ನು 1926ರಲ್ಲಿ ರೂಪಿಸಿದವರು ಅಮೆರಿಕದ ಪೋರ್ಟರ್-ಕೇಬಲ್ ಕಂಪನಿಯ ಎಂಜಿನಿಯರ್ ಆರ್ಟ್ ಎಮನ್ಸ್. ಹಠಮಾರಿ ಯಂತ್ರವದು. ಮರದ ಎಳೆಯ ಜಾಡಿನಲ್ಲೇ ಓಡಿಸಬೇಕು. ಒಂದೇ ಕಡೆ ನಿಲ್ಲಿಸಿದರೆ ಹಲಗೆಗೆ ಗುಳಿ ಬೀಳುತ್ತದೆ. ಈಗ ಹೆಚ್ಚು ಕಾಣುವುದು ಅಂಗೈಯಲ್ಲಿ ಹಿಡಿಯುವ ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರ್. ಅದರ ಬಿಲ್ಲೆ ಸುತ್ತುತ್ತಲೇ ನಿಮಿಷಕ್ಕೆ ಸುಮಾರು 12,000 ಸಲ ಅತ್ತಿತ್ತ ಅದುರುತ್ತದೆ. ಕಾಗದದ ಹರಳು ನಡೆದ ದಾರಿಯಲ್ಲೇ ಮತ್ತೆ ನಡೆಯದ ಕಾರಣ, ದಾರಂದದ ಮೂಲೆಯಲ್ಲಿ ಅಡ್ಡ ಎಳೆಗೆ ಉದ್ದ ಎಳೆ ಕೂಡುವಲ್ಲೂ ಗೀರು ಎದ್ದು ಕಾಣುವುದಿಲ್ಲ.

ನಿಜವಾದ ಕಸುಬು ಇರುವುದು ಕಾಗದದ ನಂಬರಿನಲ್ಲಿ. ಮೊದಲು 80, ಆಮೇಲೆ 120, ಕೊನೆಗೆ 180 ಅಥವಾ 220. ಪ್ರತಿ ಕಾಗದದ ಕೆಲಸ ಹಿಂದಿನದು ಬಿಟ್ಟ ಗೀರನ್ನು ಅಳಿಸುವುದು. ನಡುವಿನದೊಂದನ್ನು ಹಾರಿಸಿದವನ ಅವಸರ ವಾರ್ನಿಶ್ ಬಿದ್ದ ಕೂಡಲೇ ರಟ್ಟಾಗುತ್ತದೆ. ಆಷಾಢದ ಮಳೆಯಲ್ಲಂತೂ ತೇವದ ಮರದ ಹುಡಿ ಕಾಗದಕ್ಕೆ ಮೆತ್ತಿಕೊಂಡು ಕೆಲಸವೇ ಸಾಗದು.

ಯಂತ್ರಕ್ಕೆ ಎಟುಕದ್ದೂ ಇದೆ. ಕುಕ್ಕೆ ಸುಬ್ರಹ್ಮಣ್ಯಕ್ಕೆ 2019ರಲ್ಲಿ ಹೊಸ ಬ್ರಹ್ಮರಥ ಹೊರಟದ್ದು ಕುಂದಾಪುರದ ಪಕ್ಕದ ಕೋಟೇಶ್ವರದ ಶಿಲ್ಪಶಾಲೆಯಿಂದ. ಅಂಥ ರಥದ ಚಪ್ಪಟೆ ಹಲಗೆಗೆ ಸ್ಯಾಂಡರ್ ಸಾಕು. ಬಳ್ಳಿಯ ಸುರುಳಿ, ವಿಗ್ರಹದ ಬೆರಳಿನ ಸಂದಿಗೆ ಉಳಿಯೇ ಬೇಕು, ಮಡಚಿದ ಕಾಗದವೇ ಬೇಕು. ಅಲ್ಲಿ ಯಂತ್ರ ತಾಗಿಸಿದರೆ ಕೆತ್ತನೆಯ ಅಂಚು ಮೊಂಡಾಗುತ್ತದೆ.

ಹುಡಿಯ ಮಾತು ಬೇರೆಯೇ. ಮರದ ಹುಡಿ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಹೇಳಿದೆ. ಹಳೆ ಬಾಗಿಲಿನ ಬಣ್ಣದಲ್ಲಿ ಸೀಸವೂ ಇರಬಹುದು. ಯಂತ್ರದ ಹಿಂದಿನ ಚೀಲ ದೊಡ್ಡ ಹುಡಿಯನ್ನಷ್ಟೇ ಹಿಡಿಯುತ್ತದೆ. ಸಣ್ಣದಕ್ಕೆ ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಬೇಕು, ಮೂಗಿಗೆ ಸುತ್ತಿದ ಬೈರಾಸು ಸಾಲದು.