ಸಮುದ್ರಸ್ನಾನಕ್ಕೆ ತಕ್ಕ ದಂಡೆ ಯಾವದು?

ನಮ್ಮ ಯಡೂರು ಕೃಷ್ಣೆಯ ದಂಡೆಯ ಮೇಲಿನ ಊರು. ಶ್ರೀ ವೀರಭದ್ರದೇವರ ದರ್ಶನಕ್ಕೆ ಬಂದವರು ಮೊದಲು ಹೊಳೆಯಲ್ಲಿ ಮಿಂದು ಆಮೇಲೆ ಗುಡಿಯನ್ನು ಸೇರುವರು. ಇಲ್ಲಿಯ ಮಕ್ಕಳಿಗೆ ಈಜು ಕಲಿಸಲು ಬೇರೆ ಗುರುಗಳು ಬೇಕಿಲ್ಲ. ಹಿಂದೆ ಒಣಗಿದ ಸೋರೆಬುರುಡೆಯನ್ನು ನಡುವಿಗೆ ಕಟ್ಟುತ್ತಿದ್ದರು, ಈಗ ಮುಚ್ಚಳ ಬಿಗಿದ ಪ್ಲಾಸ್ಟಿಕ್ ಡಬ್ಬಿಯನ್ನು ಕಟ್ಟುವರು, ಭೇದವು ಇಷ್ಟೇ. ಮಳೆಗಾಲದಲ್ಲಿ ಕಲ್ಲೋಳ–ಯಡೂರಿನ ಸೇತುವೆಯನ್ನು ಮುಳುಗಿಸಿ ಹರಿಯುವ ಹೊಳೆಯನ್ನೂ, ಬೇಸಿಗೆಯಲ್ಲಿ ಮಳಲು ತೋರಿಸುವ ಹೊಳೆಯನ್ನೂ ಕಂಡವರು ನಾವು. ನೀರೆಂದರೆ ನಮಗೆ ಹೊಸದಲ್ಲ. ನಮ್ಮ ಅಪಾಯಕ್ಕೆ ಇದೇ ಕಾರಣವಾಗಬಹುದೆಂಬದನ್ನು ಹೇಳಲು ಈ ಲೇಖನವನ್ನು ಬರೆದಿದ್ದೇನೆ.

ಕೃಷ್ಣೆಯು ಮಹಾಬಳೇಶ್ವರದಲ್ಲಿ ಹುಟ್ಟುವಳು. ಆ ಸ್ಥಳದಿಂದ ಪಡುವಣ ಸಮುದ್ರವು ಸುಮಾರು 64 ಕಿಲೋಮೀಟರು ಮಾತ್ರ. ಆದರೂ ಅವಳು ಆ ಸಮುದ್ರಕ್ಕೆ ಬೆನ್ನು ತಿರುಗಿಸಿ, ಸುಮಾರು 1,400 ಕಿಲೋಮೀಟರು ಮೂಡಣಕ್ಕೆ ನಡೆದು ಬಂಗಾಲದ ಉಪಸಾಗರವನ್ನು ಸೇರುವಳು. ಅವಳ ದಂಡೆಯ ಮಕ್ಕಳಾದ ನಾವು ಮಾತ್ರ ಕಡಲನ್ನು ನೋಡಬೇಕಾದರೆ ಪಡುವಣಕ್ಕೆ ತಿರುಗಿ ಸಹ್ಯಾದ್ರಿಯನ್ನು ಇಳಿಯಬೇಕು. ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಇದ್ದಾಗ, ಇಲ್ಲವೆ ಮಕ್ಕಳ ಶಾಲೆಗೆ ಸೂಟಿ ಬಿದ್ದಾಗ, ಚಿಕ್ಕೋಡಿ, ರಾಯಬಾಗ, ಅಥಣಿಗಳ ಕಡೆಯ ಎಷ್ಟೋ ಕುಟುಂಬಗಳು ಬಾಡಿಗೆಯ ಗಾಡಿ ಮಾಡಿಕೊಂಡು, ಹುಬ್ಬಳ್ಳಿ–ಯಲ್ಲಾಪುರ–ಅಂಕೋಲೆಯ ಮಾರ್ಗವಾಗಿ ಕಡಲಿಗೆ ಹೋಗುವವು. ಹೊರಡುವ ಮೊದಲು ಮನೆಯಲ್ಲಿ ಚರ್ಚೆಯು ನಡೆಯದೆ ಇರದು: ಗೋಕರ್ಣವೋ, ಕಾರವಾರವೋ, ಮುರುಡೇಶ್ವರವೋ? ಬಹುತೇಕ ಈ ತೀರ್ಮಾನವು ಮೊಬೈಲಿನಲ್ಲಿ ಕಂಡ ಚಿತ್ರಗಳ ಚೆಲುವನ್ನು ನೋಡಿ ಆಗುವದು.

ನಾವೂ ಕೆಲವು ವರ್ಷಗಳ ಹಿಂದೆ ಹಾಗೆಯೇ ಆರಿಸಿಕೊಂಡು ಹೋದೆವು. ಆ ದಂಡೆಯ ಹೆಸರನ್ನು ಹೇಳುವದಿಲ್ಲ; ತಪ್ಪು ದಂಡೆಯದಲ್ಲ, ನಮ್ಮದು. ನನ್ನ ತಮ್ಮನ ಮಗನು ಆಗ ಹದಿನೇಳು ವರ್ಷದವನು, ತುಂಬಿದ ಕೃಷ್ಣೆಯನ್ನು ದಾಟಿ ಬಂದು ಬೈಸಿಕೊಂಡವನು. ಎಲ್ಲ ಕಡೆಗೂ ತೆರೆಗಳು ಮುರಿದು ನೊರೆ ಎದ್ದಿರಲು, ಒಂದು ಕಡೆಯಲ್ಲಿ ಮಾತ್ರ ನೀರು ತೆಪ್ಪಗೆ ಕಾಣುತ್ತಿತ್ತು. ಜಾಣತನದಿಂದ ಅದನ್ನೇ ಆರಿಸಿ ಇಳಿದನು. ನಾವು ಬುತ್ತಿಯ ಗಂಟು ಬಿಚ್ಚುವಷ್ಟರಲ್ಲಿ ಅವನ ತಲೆಯು ಒಂದು ತೆಂಗಿನಕಾಯಿಯಷ್ಟಾಗಿ ಕಾಣಿಸಿತು. ಇಬ್ಬರು ಮೀನುಗಾರರು ದೋಣಿಯನ್ನು ನೂಕಿಕೊಂಡು ಹೋಗಿ ಅವನನ್ನು ಎಳೆದು ತಂದರು. ಅವರಲ್ಲಿ ಹಿರಿಯನು ನನಗೆ ಹೇಳಿದ ಮಾತನ್ನು ಮರೆಯಲಾರೆ: “ಯಜಮಾನರೇ, ಈಜು ಬಾರದವರು ಮೊಣಕಾಲ ನೀರಿನಲ್ಲಿಯೇ ನಿಲ್ಲುತ್ತಾರೆ. ಸಿಕ್ಕಿಬೀಳುವವರು ಹೊಳೆ ಈಜಿದವರು.”

ಹೊಳೆಗೂ ಕಡಲಿಗೂ ಇರುವ ಭೇದವೇನೆಂಬದನ್ನು ಆಮೇಲೆ ವಿಚಾರಿಸಿ ತಿಳಿದುಕೊಂಡೆನು. ಹೊಳೆಯ ನೀರು ಒಂದೇ ದಿಕ್ಕಿಗೆ ಹರಿಯುವದು. ಎಲ್ಲಿ ಮಡು, ಎಲ್ಲಿ ಕೆಸರು, ಎಲ್ಲಿ ಮೊಸಳೆಯ ಭಯ ಎಂಬದು ದಂಡೆಯವರಿಗೆ ತಲೆತಲಾಂತರದಿಂದ ಗೊತ್ತು. ಕಡಲಿನಲ್ಲಿ ತೆರೆಗಳು ನೀರನ್ನು ಒಂದೇ ಸವನೆ ದಂಡೆಗೆ ತಂದು ಸುರಿಯುವವು. ಹಾಗೆ ಬಂದ ನೀರು ಹಿಂದಕ್ಕೆ ಹೋಗಲೇಬೇಕಷ್ಟೆ? ಅದು ಮಳಲಿನ ತಗ್ಗಾದ ಒಂದು ಜಾಡನ್ನು ಹಿಡಿದು, ಇಕ್ಕಟ್ಟಾದ ಹೊಳೆಯಂತೆ ರಭಸದಿಂದ ಆಳದ ಕಡೆಗೆ ಮರಳುವದು. ಇದಕ್ಕೆ ಕರಾವಳಿಯವರು ಸೆಳೆತವೆನ್ನುವರು. ಆ ಜಾಡಿನಲ್ಲಿ ಆಳವು ಹೆಚ್ಚಾದ್ದರಿಂದ ತೆರೆಗಳು ಅಲ್ಲಿ ಮುರಿಯುವದು ಕಡಿಮೆ. ನೀರು ಕಪ್ಪಾಗಿ, ಶಾಂತವಾಗಿ ತೋರುವದು. ಎಂದರೆ ಹೊಸಬರ ಕಣ್ಣಿಗೆ ಎಲ್ಲಕ್ಕಿಂತ ನಿರ್ಭಯವಾಗಿ ಕಾಣುವ ಸ್ಥಳವೇ ಎಲ್ಲಕ್ಕಿಂತ ಭಯದ ಸ್ಥಳ. ಸೆಳೆತವು ಮನುಷ್ಯನನ್ನು ಕೆಳಕ್ಕೆ ಎಳೆಯುವದಿಲ್ಲ, ದೂರಕ್ಕೆ ಒಯ್ಯುವದು. ಅದಕ್ಕೆ ಎದುರಾಗಿ ದಂಡೆಯ ಕಡೆಗೇ ಈಜಲು ಹೆಣಗಿ ಕೈಸೋತವರು ಮುಳುಗುವರು. ಗಾಬರಿಯಾಗದೆ ತೇಲುತ್ತಿದ್ದು, ಕೈಯೆತ್ತಿ ಕೂಗಿ, ಶಕ್ತಿಯಿದ್ದರೆ ದಂಡೆಗೆ ಸಮಾನಾಂತರವಾಗಿ ಸ್ವಲ್ಪ ದೂರ ಈಜಿ ಜಾಡಿನಿಂದ ಹೊರಬಿದ್ದು, ಆಮೇಲೆ ದಂಡೆಗೆ ತಿರುಗುವದು ಪಾರಾಗುವ ಮಾರ್ಗ.

ಯುರೋಪಿನ ಜನರು ಬೇಸಿಗೆಯ ವಿಹಾರಕ್ಕೆ ಮೆಡಿಟರೇನಿಯನ್ ಸಮುದ್ರದ ಪಟ್ಟಣಗಳಿಗೆ ಹೋಗುವರು. ಆ ಸಮುದ್ರಕ್ಕೆ ಅಟ್ಲಾಂಟಿಕ್ ಮಹಾಸಾಗರದ ಕಡೆಗಿರುವ ಬಾಗಿಲು ಜಿಬ್ರಾಲ್ಟರಿನ ಜಲಸಂಧಿಯೊಂದೇ, ಅದರ ಅಗಲವು ಇಕ್ಕಟ್ಟಾದಲ್ಲಿ ಸುಮಾರು 14 ಕಿಲೋಮೀಟರು. ಆದಕಾರಣ ಅಲ್ಲಿ ಬಹುತೇಕ ಕಡೆಗಳಲ್ಲಿ ಭರತಿ-ಇಳಿತಗಳು ಅತ್ಯಲ್ಪ. ಮಳಲಿನ ದಂಡೆಯೋ, ಫ್ರಾನ್ಸಿನ ನೀಸ್ ಪಟ್ಟಣದಲ್ಲಿರುವಂತೆ ಉರುಟುಗಲ್ಲಿನ ದಂಡೆಯೋ ಎಂದು ಸುಖದ ದೃಷ್ಟಿಯಿಂದ ಆರಿಸಲು ಅಲ್ಲಿಯವರಿಗೆ ಆಸ್ಪದವುಂಟು. ನಮ್ಮ ಪಡುವಣ ಕಡಲು ತೆರೆದ ಕಡಲು. ಇಲ್ಲಿ ಮೊದಲು ನೀರಿನ ಗುಣ, ಆಮೇಲೆ ದಂಡೆಯ ಚೆಲುವು. ಆರಿಸುವ ಗೃಹಸ್ಥನು ತನ್ನನ್ನು ತಾನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು: ಯಾವಾಗ ಹೋಗುವೆವು, ಯಾರು ಯಾರು ಹೋಗುವೆವು, ಹೋದ ದಂಡೆಯಲ್ಲಿ ಕಾಯುವವರು ಇರುವರೋ?

ಯಾವಾಗ ಎಂಬದಕ್ಕೆ ಉತ್ತರವು ಸುಲಭ. ಜೂನದಿಂದ ಸಪ್ಟಂಬರದವರೆಗೆ ಸಮುದ್ರಸ್ನಾನದ ಮಾತನ್ನು ಎತ್ತಲೇಬಾರದು. ಕರ್ನಾಟಕದ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ಜೂನ 1ರಿಂದ ಜುಲೈ 31ರ ವರೆಗೆ 61 ದಿವಸ ಮೀನುಗಾರಿಕೆಯ ನಿಷೇಧವಿರುವದು. ಮೀನು ಮರಿಮಾಡುವ ಕಾಲವೆಂಬದು ಅದಕ್ಕೆ ಮುಖ್ಯ ಕಾರಣವಾದರೂ, ಕಡಲನ್ನೇ ನಂಬಿ ಬಾಳುವವರು ಬಲೆಯನ್ನು ಮಡಚಿಟ್ಟ ಕಾಲದಲ್ಲಿ ಬಯಲುಸೀಮೆಯವರು ಪಂಚೆ ಬಿಗಿದು ಇಳಿಯುವದು ವಿವೇಕವಲ್ಲ. ನವೆಂಬರದಿಂದ ಫೆಬ್ರುವರಿಯವರೆಗಿನ ಕಾಲವು ಹಿತಕರ. ಆಗಲೂ ತಿಥಿಯನ್ನು ನೋಡಬೇಕು. ಭರತಿಯು ಸುಮಾರು ಹನ್ನೆರಡೂವರೆ ತಾಸಿಗೊಮ್ಮೆ ಬರುವದು, ದಿವಸಕ್ಕೆ ಸುಮಾರು ಐವತ್ತು ಮಿನಿಟು ತಡವಾಗುತ್ತ ಹೋಗುವದು. ಅಮಾವಾಸ್ಯೆ-ಹುಣ್ಣಿಮೆಗಳ ಆಸುಪಾಸಿನಲ್ಲಿ ಸೂರ್ಯಚಂದ್ರರ ಆಕರ್ಷಣೆಗಳು ಕೂಡಿಕೊಳ್ಳುವದರಿಂದ ನೀರು ಹೆಚ್ಚು ಏರಿ ಹೆಚ್ಚು ಇಳಿಯುವದು. ನಮ್ಮ ಜನರು ಸಮುದ್ರಸ್ನಾನಕ್ಕೆ ಹುಡುಕಿಕೊಂಡು ಹೋಗುವ ದಿನಗಳು ಇವೇ ಅಲ್ಲವೆ? ಶಿವರಾತ್ರಿಯೂ ಅಮಾವಾಸ್ಯೆಯ ಹಿಂದಿನ ಚತುರ್ದಶಿ. ಪುಣ್ಯಕಾಲವನ್ನು ಬಿಡಬೇಕೆಂದು ನಾನು ಹೇಳೆನು. ಆ ದಿನ ತಂಬಿಗೆಯಿಂದ ಮೊಗೆದು ಸುರಿದುಕೊಂಡರೂ ಸ್ನಾನವೇ ಎಂದು ಹೇಳುವೆನು.

ಇನ್ನು ದಂಡೆಗಳನ್ನು ಬಡಗಣದಿಂದ ತೆಂಕಣಕ್ಕೆ ನೋಡೋಣ.

ಕಾರವಾರದ ದಂಡೆಯು ಪಟ್ಟಣಕ್ಕೆ ಹತ್ತಿದ್ದು, ಉದ್ದವಾದದ್ದು. ರವೀಂದ್ರನಾಥ ಠಾಕೂರರ ಅಣ್ಣಂದಿರಾದ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. 1883ರಲ್ಲಿ ಇಪ್ಪತ್ತೆರಡರ ತರುಣರಾಗಿ ಬಂದಿದ್ದ ರವೀಂದ್ರರು ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕವನ್ನು ಅಲ್ಲಿ ಬರೆದರು. ಈಗ ಆ ದಂಡೆಗೆ ಅವರದೇ ಹೆಸರು. ವೃದ್ಧರು ಕುಳಿತು ಸೂರ್ಯಾಸ್ತವನ್ನು ನೋಡಲಿಕ್ಕೂ, ಮಕ್ಕಳು ‘ಚಾಪಲ್’ ಎಂಬ ಯುದ್ಧನೌಕೆಯ ವಸ್ತುಸಂಗ್ರಹಾಲಯವನ್ನು ನೋಡಲಿಕ್ಕೂ ಅನುಕೂಲ. ಆದರೆ ಕಾಳಿ ನದಿಯು ಪಟ್ಟಣದ ಬಡಗಣದಲ್ಲಿಯೇ ಸಮುದ್ರವನ್ನು ಸೇರುವದು. ಇಳಿತದ ವೇಳೆಗೆ ನದಿಯ ನೀರೂ ಕಡಲಿನ ನೀರೂ ಕೂಡಿ ಹೊರಗೆ ಹರಿಯುವದರಿಂದ, ಯಾವ ನದೀಮುಖದ ಹತ್ತಿರವೂ ಮೀಯಲು ಇಳಿಯಬಾರದು. ಸಂಗಮದಲ್ಲಿ ಮೀಯುವ ರೂಢಿಯ ನಮ್ಮ ಕಡೆಯವರು ಈ ಮಾತನ್ನು ವಿಶೇಷವಾಗಿ ನೆನಪಿನಲ್ಲಿಡಬೇಕು.

ಗೋಕರ್ಣದಲ್ಲಿ ದಂಡೆಗಳು ಹಲವು. ಊರ ಮುಂದಿನ ದೊಡ್ಡ ದಂಡೆಯಲ್ಲಿ ಯಾತ್ರಿಕರು ಮಿಂದು ಮಹಾಬಲೇಶ್ವರನ ದರ್ಶನಕ್ಕೆ ಹೋಗುವರು. ಗುಡಿಗೆ ಸಮೀಪವಾದ್ದರಿಂದ ಮುದುಕರಿಗೆ ಅನುಕೂಲ. ಜೀವಹಾನಿಗಳು ಇಲ್ಲಿಯೂ ಆಗಿರುವದರಿಂದ ಸ್ನಾನವು ಮೊಣಕಾಲ ನೀರಿನಲ್ಲಿ ಮುಗಿಯಬೇಕು. ಗುಡ್ಡದ ಆಚೆಗಿರುವ ಕುಡ್ಲೆಯು ಎರಡು ಕೋಡುಗಳ ನಡುವೆ ಬಾಗಿದ ದಂಡೆ. ಅದರಾಚೆಯ ಓಂ ದಂಡೆಯಲ್ಲಿ ಎರಡು ಬಾಗುಗಳು ಕೂಡಿ ಅಕ್ಷರದ ಆಕಾರವಾಗಿದೆ. ಬಾಗುಗಳು ಕೂಡುವಲ್ಲಿ ಬಂಡೆಗಳು ಕಡಲೊಳಕ್ಕೆ ಚಾಚಿಕೊಂಡಿವೆ. ಚಿತ್ರ ತೆಗೆದುಕೊಳ್ಳಲು ಎಲ್ಲರೂ ಏರುವದು ಆ ಬಂಡೆಗಳನ್ನೇ. ಪಾಚಿಯಿಂದ ಜಾರುವವೂ, ತೆರೆಯು ಹಠಾತ್ತನೆ ಬಂದು ಬಡಿಯುವದೂ ಅಲ್ಲಿಯೇ. ಕೋಡುಗಳ ಮಗ್ಗುಲಲ್ಲಿ ಸೆಳೆತವು ಹುಟ್ಟುವದು ಹೆಚ್ಚು. ಅರ್ಧಚಂದ್ರ, ಪ್ಯಾರಡೈಸ್ ಎಂಬ ಮುಂದಿನ ದಂಡೆಗಳಿಗೆ ಕಾಲುದಾರಿಯಿಂದಲೋ ದೋಣಿಯಿಂದಲೋ ಹೋಗಬೇಕು. ನಡೆಯಬಲ್ಲ ತರುಣರಿಗೆ ಅವು ಸರಿಯೇ. ತೊಡೆಯ ಮೇಲೆ ಕೂಸನ್ನೂ ಕೈಯಲ್ಲಿ ಅಜ್ಜಿಯನ್ನೂ ಹಿಡಿದ ಕುಟುಂಬಕ್ಕಲ್ಲ.

ಹೊನ್ನಾವರದ ಹತ್ತಿರದ ಕಾಸರಕೋಡಿಗೆ 2020ರಲ್ಲಿ ‘ನೀಲಿ ಬಾವುಟ’ದ ಮನ್ನಣೆ ದೊರೆಯಿತು. ಈ ಪದ್ಧತಿಯು 1985ರಲ್ಲಿ ಫ್ರಾನ್ಸಿನಲ್ಲಿ ಆರಂಭವಾಗಿ, 1987ರಲ್ಲಿ ಯುರೋಪಿಗೆ ಹಬ್ಬಿ, ಈಗ ಲೋಕದ ಅನೇಕ ದೇಶಗಳಲ್ಲಿ ನಡೆದಿದೆ. ನೀರಿನ ಶುದ್ಧತೆಯ ಪರೀಕ್ಷೆ, ಶೌಚಗೃಹ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು, ಅಂಗವಿಕಲರಿಗೆ ದಾರಿ ಮೊದಲಾಗಿ 33 ಕಟ್ಟಳೆಗಳನ್ನು ಪೂರೈಸಿದ ದಂಡೆಗೆ ಆ ಬಾವುಟವನ್ನು ಕೊಡುವರು. ಅದೂ ಒಂದು ಕಾಲಕ್ಕೆ ಮಾತ್ರ. ವರ್ಷವರ್ಷವೂ ಮರಳಿ ಗಳಿಸಬೇಕು. ಆ ವರ್ಷ ಭಾರತದ ಎಂಟು ದಂಡೆಗಳಿಗೆ ಅದು ಸಂದಿತು. ಕರ್ನಾಟಕದಲ್ಲಿ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ. ಹೆಣ್ಣುಮಕ್ಕಳು ಒದ್ದೆ ಸೀರೆಯಲ್ಲಿ ನಡುಗುತ್ತ ಗಾಡಿಯ ಮರೆಯನ್ನು ಹುಡುಕುವ ಸಂಕಟವನ್ನು ಬಲ್ಲ ಗೃಹಿಣಿಯರಿಗೆ, ಈ ಕಟ್ಟಳೆಗಳ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ.

ಮುರುಡೇಶ್ವರದಲ್ಲಿ ಮೂರು ಕಡೆಗೆ ಕಡಲು ಸುತ್ತಿದ ಕಂದುಕಗಿರಿ, 123 ಅಡಿ ಎತ್ತರದ ಶಿವನ ಮೂರ್ತಿ. ದರ್ಶನಕ್ಕೆ ಹೋಗಲೇಬೇಕಾದ ಸ್ಥಳ. ಆದರೆ 2024ರ ಡಿಸೆಂಬರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲ್ಲಿಯ ನೀರಿನಲ್ಲಿ ಪ್ರಾಣ ಬಿಟ್ಟರು. ಆಮೇಲೆ ಕೆಲವು ಕಾಲ ಆ ದಂಡೆಯನ್ನು ಪ್ರವಾಸಿಗಳಿಗೆ ಮುಚ್ಚಲಾಗಿತ್ತು. ಮಳೆಗಾಲವಲ್ಲ, ಬಿರುಗಾಳಿಯ ದಿನವಲ್ಲ. ಎಲ್ಲರೂ ಒಳ್ಳೆಯದೆನ್ನುವ ಡಿಸೆಂಬರ! ಆದ್ದರಿಂದ ಊರಲ್ಲಿ ಮಾಡಿದ ಆಯ್ಕೆಯೊಂದೇ ಸಾಲದು, ದಂಡೆಯ ಮೇಲೆ ನಿಂತು ಮತ್ತೊಮ್ಮೆ ಆರಿಸಬೇಕು.

ಅದನ್ನು ಮಾಡುವ ಬಗೆ ಹೀಗೆ. ಹೋದೊಡನೆ ಇಳಿಯದೆ ಕಾಲು ತಾಸು ಸುಮ್ಮನೆ ನಿಂತು ನೀರನ್ನು ನೋಡಿರಿ. ತೆರೆಗಳು ದೂರದಲ್ಲಿಯೇ ಮುರಿದು ಸಾಲುಸಾಲಾಗಿ ನೊರೆಯಾಗಿ ಬರುತ್ತಿದ್ದರೆ ದಂಡೆಯು ಮೆಲ್ಲನೆ ಇಳಿಯುವದೆಂದು ತಿಳಿಯಿರಿ. ಕಾಲಬುಡದಲ್ಲಿಯೇ ಧಡಕ್ಕನೆ ಬೀಳುತ್ತಿದ್ದರೆ ಎರಡು ಹೆಜ್ಜೆಗೆ ಆಳವೆಂದು ತಿಳಿಯಿರಿ. ನೊರೆಯ ನಡುವೆ ಕಪ್ಪಾದ ಶಾಂತ ಪಟ್ಟಿ ಕಂಡರೆ ಅದರಿಂದ ದೂರ ಸರಿಯಿರಿ. ಮೇಲರ್ಧ ಕೆಂಪು, ಕೆಳಗರ್ಧ ಹಳದಿ ಬಣ್ಣದ ಬಾವುಟಗಳೆರಡು ನೆಟ್ಟಿದ್ದರೆ ಅವುಗಳ ನಡುವೆ ಜೀವರಕ್ಷಕರು ಕಾಯುವರೆಂದು ಅರ್ಥ. ಬರೀ ಕೆಂಪು ಬಾವುಟವಿದ್ದರೆ ಇಳಿಯಕೂಡದು. ಬಾವುಟವೂ ಇಲ್ಲ, ಕಾಯುವವರೂ ಇಲ್ಲ ಎಂಬಲ್ಲಿ ಮೀನುಗಾರರನ್ನು ಕೇಳಿರಿ. ಅವರು ಬೇಡವೆಂದರೆ ವಾದಿಸಬೇಡಿರಿ. ಮನೆಯವರಲ್ಲಿ ಒಬ್ಬರು ನೀರಿಗಿಳಿಯದೆ, ಮೊಬೈಲನ್ನು ಚೀಲದಲ್ಲಿಟ್ಟು, ತಲೆಗಳನ್ನು ಎಣಿಸುತ್ತ ದಂಡೆಯ ಮೇಲಿರಲಿ. ಯಾರಾದರೂ ಸೆಳೆತಕ್ಕೆ ಸಿಕ್ಕರೆ ಹಿಂದೆಯೇ ಧುಮುಕದೆ, ತೇಲುವಂಥ ಡಬ್ಬಿಯನ್ನೋ ಹಗ್ಗವನ್ನೋ ಎಸೆದು ಜೀವರಕ್ಷಕರನ್ನು ಕೂಗಿರಿ. ಉಳಿಸಲು ಹೋದವರು ತಾವೇ ಹೋದ ಉದಾಹರಣೆಗಳು ಬಹಳ.

ಕಳೆದ ಚಳಿಗಾಲದಲ್ಲಿ ನಾವು ಪುನಃ ಕಡಲಿಗೆ ಹೋದೆವು. ಎಂಬತ್ತು ದಾಟಿದ ನನ್ನ ತಾಯಿಯವರಿಗೆ ಒಮ್ಮೆಯಾದರೂ ಸಮುದ್ರಸ್ನಾನವಾಗಬೇಕೆಂಬ ಆಸೆಯಿತ್ತು. ಈ ಸಲ ಚಿತ್ರಗಳನ್ನು ಯಾರೂ ತೋರಿಸಲಿಲ್ಲ. ಅಮಾವಾಸ್ಯೆ-ಹುಣ್ಣಿಮೆಗಳನ್ನು ಬಿಟ್ಟು, ನಡುವಿನ ಅಷ್ಟಮಿಯನ್ನು ನೋಡಿ, ಮೊದಲ ದಿನ ಗೋಕರ್ಣದ ದರ್ಶನ, ಮರುದಿನ ಕಾಸರಕೋಡಿನಲ್ಲಿ ಸ್ನಾನ ಎಂದು ಗೊತ್ತುಮಾಡಿದೆವು. ಅಲ್ಲಿ ತಾಯಿಯವರನ್ನು ಕೈಹಿಡಿದು ನೀರಿಗಿಳಿಸಿದವನು ಅದೇ ತಮ್ಮನ ಮಗ. ಅವನು ಮೊಣಕಾಲಿನಿಂದ ಮುಂದಕ್ಕೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ತೆರೆಯೊಂದು ಬಂದು ಸೆರಗನ್ನು ತೊಯಿಸಿ ಹೋದಾಗ ತಾಯಿಯವರು ನಗುತ್ತ ಅಂದರು: “ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಅಂತಾರಲ್ಲೋ! ನನಗೆ ಇಷ್ಟೇ ಸಾಕಪ್ಪ, ಪುಣ್ಯ ಬಂತು.”

ಮಕ್ಕಳುಮರಿಗಳನ್ನು ಕಟ್ಟಿಕೊಂಡು ಕಡಲಿಗೆ ಹೋಗುವ ಗೃಹಸ್ಥನಿಗೆ ಆ ಗಾದೆಯಲ್ಲಿ ಹೇಳಿದ ಶಾಪವು ವರವೇ ಸರಿ. ಮೊಣಕಾಲುದ್ದ ನೀರು ದೂರದವರೆಗೆ ಇರುವ ದಂಡೆಯನ್ನು ಆರಿಸಿರಿ. ಹೋದವರೆಲ್ಲರನ್ನೂ ಎಣಿಸಿಕೊಂಡು ಊರಿಗೆ ಮರಳಿರಿ.